ನಾಲ್ಕು ತವರಿನ ಅಕ್ಕ

ನಮ್ಮ ಗಿರಣಿಗಳ ಬೋರ್ಡಿನ ಮೇಲೆಲ್ಲ 'ಬ್ರದರ್ಸ್' ಎಂದು ಬರೆದಿದೆ. ಬರೆಸಿದವನು ನಾನೇ. ಜತ್ತಿನಲ್ಲಿ ಯಾರನ್ನು ಕೇಳಿದರೂ, ಇಬ್ಬರು ಅಣ್ಣತಮ್ಮಂದಿರು ಸನಮಡಿಯಿಂದ ಎತ್ತಿನ ಗಾಡಿಯಲ್ಲಿ ಬಂದು, ನಿಂತುಹೋದ ಗಿರಣಿಗಳನ್ನು ಒಂದೊಂದಾಗಿ ಕೊಂಡು ನಡೆಸಿ ತೋರಿಸಿದರು ಎಂದೇ ಹೇಳುತ್ತಾರೆ. ಅಕ್ಕ ತೀರಿಕೊಂಡ ಮರುವಾರ ಒಂದು ಮರಾಠಿ ವಾರಪತ್ರಿಕೆಯಲ್ಲೂ ಹಾಗೆಯೇ ಬಂತು. ನನ್ನ ಫೋಟೊ, ತಮ್ಮನ ಫೋಟೊ, ಕೊನೆಯಲ್ಲಿ ಒಂದು ಸಾಲು: ಇವರ ಅಕ್ಕ ಇತ್ತೀಚೆಗೆ ನಿಧನರಾದರು. ತಮ್ಮ ಅದನ್ನು ಓದಿ, ಮಡಚಿ ನನ್ನ ಮುಂದೆ ಇಟ್ಟು, "ನೀ ಹೇಳಿ ಬರಿಸಿದ್ದೇನು?" ಎಂದ. ನಾನು ಹೇಳಿ ಬರೆಸಿರಲಿಲ್ಲ. ಬರೆಯಲು ಬಂದವನು ಕೇಳಿದಾಗ ಹೇಳದೆ ಬಿಟ್ಟಿದ್ದೆ, ಅಷ್ಟೆ. ಹೇಳದೆ ಬಿಡುವುದು ನನಗೆ ಬಹಳ ವರ್ಷಗಳ ರೂಢಿ.

ನಾನು ಕಲಿತದ್ದು ಕನ್ನಡ ಶಾಲೆಯ ನಾಲ್ಕನೇ ಇಯತ್ತೆಯವರೆಗೆ. ಬರೆಯುವುದರಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಅಕ್ಕ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ವಯಸ್ಸಿನಲ್ಲಿ ಹಿರಿಯರಾದವರು ಕೂಡ 'ಅಕ್ಕಾರು' ಎನ್ನುತ್ತಿದ್ದರು. ಅದೂ ನನಗೆ ಸೇರುತ್ತಿರಲಿಲ್ಲ. ಅಕ್ಕ ಆದದ್ದು ನನಗೆ ಮತ್ತು ತಮ್ಮನಿಗೆ. ಊರಿಗೆಲ್ಲ ಯಾವಾಗ ಆದಳು?

ಅವಳನ್ನು ಸೊರಡಿಗೆ ಕೊಟ್ಟಿದ್ದರು. ಏಳು ವರ್ಷ ಬಾಳಿದಳು, ಮಕ್ಕಳಾಗಲಿಲ್ಲ. ಗಂಡ ಇನ್ನೊಂದು ಮದುವೆ ಮಾಡಿಕೊಂಡ. ಅವಳು ಜಗಳ ತೆಗೆಯಲಿಲ್ಲ. ಬಂದ ಹೊಸಬಳಿಗೆ ಒಲೆ ತೋರಿಸಿ, ಹಿಟ್ಟಿನ ಗಡಿಗೆ ಯಾವುದು, ಉಪ್ಪಿನ ಗಡಿಗೆ ಯಾವುದು ಎಂದು ಹೇಳಿಕೊಟ್ಟು, ಒಂದು ಗಂಟು ಹಿಡಿದುಕೊಂಡು ಸನಮಡಿಗೆ ನಡೆದು ಬಂದಳು. ಅವ್ವ ಬಾಗಿಲಲ್ಲಿ ಕುಳಿತು ಅಳುವುದಕ್ಕೆ ಶುರು ಮಾಡಿದಾಗ ಅವಳು ಅಂದ ಮಾತು ನನಗೆ ನೆನಪಿದೆ: "ಅಳಬ್ಯಾಡ ಯವ್ವಾ, ಅಲ್ಲಿ ಕೆಲಸ ಮುಗೀತು. ಇಲ್ಲಿ ಏನೈತಿ ಹೇಳು." ಅಪ್ಪ ಆಗಲೇ ಇರಲಿಲ್ಲ. ಎರಡು ವರ್ಷಕ್ಕೆ ಅವ್ವನೂ ಹೋದಳು. ಉಳಿದದ್ದು ನಾವು ಮೂವರು, ಮಳೆ ನಂಬಿದ ಒಂದಿಷ್ಟು ಹೊಲ, ಅಪ್ಪ ಊರೂರಿಗೆ ಹಿಂಡಿ ಮಾರುತ್ತಿದ್ದ ಗಾಡಿ.

ಅವಳಿಗೆ ಒಂದು ಚಟವಿತ್ತು, ಮಿಶ್ರಿ. ಸುಟ್ಟ ತಂಬಾಕಿನ ಆ ಪುಡಿಯನ್ನು ಹಲ್ಲಿಗೆ ತಿಕ್ಕುತ್ತ ಕುಳಿತರೆ ಎದುರಿಗೆ ಯಾರೇ ಬಂದರೂ ಮಾತಿಲ್ಲ. ಉತ್ತರ ಕೊಡಲು ಮನಸ್ಸಿಲ್ಲದಾಗ, ಅಥವಾ ಉತ್ತರ ಇನ್ನೂ ಸಿಕ್ಕಿರದಾಗ, ಸೊಂಟದ ಡಬ್ಬಿ ತೆಗೆದು ಬೆರಳು ಅದ್ದುತ್ತಿದ್ದಳು. ವ್ಯಾಪಾರಿಗಳು, ದಲಾಲರು ಅವಳು ಬಾಯಿ ಮುಕ್ಕಳಿಸುವವರೆಗೆ ಕಾಯುತ್ತಿದ್ದರು. ನಾನು ಒಂದೇ ಉಸಿರಿಗೆ ಹತ್ತು ಮಾತಾಡಿದರೂ ಅವರ ಕಣ್ಣು ಅವಳ ಬೆರಳಿನ ಮೇಲೆಯೇ.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಜತ್ತಿನ ಒಂದು ಎಣ್ಣೆ ಗಿರಣಿಯಿಂದ ಹಿಂಡಿ ತಂದು ಮಾರುತ್ತಿದ್ದೆವು. ಒಮ್ಮೆ ಹೋದಾಗ ಹಿಂಡಿ ಇರಲಿಲ್ಲ. "ಇಂಜಿನ್ ನಿನ್ನೆಯಷ್ಟೆ ನಿಂತದ, ನಾಡದು ಬರ್ರಿ," ಎಂದ ಮಾಲಕ. ನಾನು, ತಮ್ಮ ಗಾಡಿ ತಿರುಗಿಸಿದೆವು. ಅಕ್ಕ ನೀರು ಕುಡಿಯಲೆಂದು ಅವರ ಹಿತ್ತಿಲ ಬಾಗಿಲಿಗೆ ಹೋಗಿದ್ದಳು. ಬಂದು ಗಾಡಿ ಹತ್ತಿದ ಮೇಲೆ ಹೇಳಿದಳು:

"ಆ ಗಿರಣಿ ನಿಂತು ಮೂರು ತಿಂಗಳಾದ್ರೂ ಆಗಿರಬೇಕು."

"ನಿನಗ ಯಾರು ಹೇಳಿದ್ರು?"

"ಅವರ ಒಗ್ಗರಣಿ ಹೇಳ್ತು. ಎಣ್ಣಿ ಗಿರಣಿಯವರ ಮನ್ಯಾಗ ಹಂಚಿಗೆ ಅರಿವಿ ಅದ್ದಿ ಎಣ್ಣಿ ಒರಸಾಕ್ಹತ್ತಾರ." ಗಾಡಿ ಪೇಟೆ ದಾಟಿದ ಮೇಲೆ, "ಆ ಗಿರಣಿ ನಾವು ತಗೊಳ್ಳೂಣು," ಎಂದಳು.

ನಾನು ನಕ್ಕೆ. "ಹಿಂಡಿ ಮಾರಾವ್ರು ಗಿರಣಿ ತಗೋತಾರೇನು?"

"ಹಿಂಡಿ ತಿಂದ ಎಮ್ಮಿ ಹಾಲು ಕೊಡತೈತಿ. ನಿಮ್ಮಿಬ್ಬರ ಕಡಿಂದ ಒಂದು ಗಿರಣಿ ನಡಸಾಕ ಆಗೂದಿಲ್ಲೇನು?"

ಅರ್ಧ ಹೊಲ ಹೋಯಿತು. ಅವಳ ಕೈಯ ಬಂಗಾರದ ಬಿಲ್ವಾರಗಳು ಹೋದವು. ಗಿರಣಿ ನಮ್ಮದಾಯಿತು. ಕಾಗದ ಮಾಡುವ ದಿನ ಗಂಡಸರೆಲ್ಲ ಪಡಸಾಲೆಯಲ್ಲಿ ಕುಳಿತು ಮರಾಠಿಯಲ್ಲಿ ಬರೆದ ಕಾಗದಕ್ಕೆ ಸಹಿ ಹಾಕಿದೆವು. ಅಕ್ಕ ಒಳಗೆ ಅಡುಗೆಮನೆಯಲ್ಲಿದ್ದಳು. ಸಹಿ ಮುಗಿದು, ಎಲೆಯಡಿಕೆ ಮುಗಿದು, ಎದ್ದು ನಿಂತರೂ ಅವಳು ಹೊರಗೆ ಬರಲಿಲ್ಲ. ಕೊನೆಗೆ ಬಂದಳು. ಆ ಮನೆಯ ಹೆಂಗಸರು ಅವಳ ಉಡಿ ತುಂಬಿದ್ದರು. ಸೀರೆಯ ಸೆರಗಿನಲ್ಲಿ ಅಕ್ಕಿ, ಉತ್ತತ್ತಿ, ಅರಿಷಿಣದ ಕೊಂಬು, ಬಟ್ಟಲ ಕೊಬ್ಬರಿ, ಮೇಲೊಂದು ಕೆಂಪು ಕುಬಸದ ಖಣ. ಮನೆಯ ಮಗಳು ಗಂಡನ ಮನೆಗೆ ಹೊರಟಾಗ ಹೇಗೆ ತುಂಬುತ್ತಾರೋ ಹಾಗೆ. ನಮ್ಮ ಕಡೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಹೆಣ್ಣಿಗಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿ ಅವಳು, "ಈಗ ಆತು," ಎಂದಳು. ನಾನು ಕೈಯಲ್ಲಿ ಕಾಗದ ಹಿಡಿದು ನಿಂತಿದ್ದೆ. ಆ ಕಾಗದ ಯಾಕೆ ಹಗುರ ಅನ್ನಿಸಿತೋ ಆಗ ತಿಳಿಯಲಿಲ್ಲ.

ಮುಂದಿನ ಶ್ರಾವಣದಲ್ಲಿ ಎಣ್ಣೆ ಗಿರಣಿಯ ಮನೆಯಾಕೆ ತನ್ನ ಮಗನನ್ನು ಕಳಿಸಿದಳು, ಪಂಚಮಿಗೆ ಅಕ್ಕನನ್ನು ಕರೆದುಕೊಂಡು ಬಾ ಎಂದು. ಅಕ್ಕ ಬೆಳಿಗ್ಗೆಯೇ ತಲೆ ಬಾಚಿ, ಕುಂಕುಮ ಹಚ್ಚಿ, ಅವರು ಕೊಟ್ಟ ಕೆಂಪು ಖಣದ ಕುಬಸ ಹೊಲಿಸಿ ತೊಟ್ಟು ತಯಾರಾಗಿದ್ದಳು.

"ಗಿರಣಿ ಕಳಕೊಂಡವರ ಮನಿಗೆ ಹಬ್ಬ ಮಾಡಾಕ ಹೋಗ್ತೀಯಾ? ನಾಚಿಕಿ ಬರೂದಿಲ್ಲ?" ಎಂದೆ.

"ತವರಿನ್ಯಾಗ ಇರೋಳನ್ನ ತವರಿಗೆ ಯಾರು ಕರೀತಾರೋ? ಅವರು ಕರದಾರ, ಹೋಗ್ತೀನಿ," ಎಂದಳು. ನಗುತ್ತಲೇ ಹೇಳಿದಳು. ನಾನು ಅದನ್ನು ನಗೆಯ ಮಾತು ಎಂದೇ ತಿಳಿದೆ.

ಎರಡನೆಯದು ಸಾಬೂನಿನ ಕಾರ್ಖಾನೆ. ನಮ್ಮ ಗಿರಣಿಯ ಉಳಿದ ಎಣ್ಣೆ ಅಲ್ಲಿಗೆ ಹೋಯಿತು. ಮೂರನೆಯದು ಬಾವಿಯ ಗಾಲಿ, ಕಬ್ಬಿಣದ ನೇಗಿಲು ಎರಕ ಹೊಯ್ಯುವ ಕಾರ್ಖಾನೆ. ಕೆಟ್ಟ ಯಂತ್ರವನ್ನು ರಿಪೇರಿ ಮಾಡುವವನು ತಮ್ಮ. ಅವನಿಗೆ ಇಂಜಿನ್ನಿನ ಎದೆಗೆ ಕಿವಿ ಹಚ್ಚಿದರೆ ಸಾಕು, ಬೇರೇನೂ ಬೇಡ. ಅವನಿಗೆ ಹೊಟ್ಟೆಕಿಚ್ಚೂ ಇರಲಿಲ್ಲ. ರುಮಾಲು ಸುತ್ತಿ ಮುಂದೆ ಕುಳಿತು ಮಾತಾಡುವವನು ನಾನು. ತೆಗೆದುಕೊಳ್ಳಬೇಕೋ ಬೇಡವೋ ಎನ್ನುವುದು ಮಾತ್ರ ಹಿತ್ತಿಲ ಬಾಗಿಲಿನಿಂದ ಬರುತ್ತಿತ್ತು. "ಮಿಷನ್ ಕೆಟ್ಟಿರೂದಿಲ್ಲೋ, ಮನಿ ದಣದಿರತೈತಿ," ಎಂದು ಅವಳು ಆಗಾಗ ಹೇಳುತ್ತಿದ್ದಳು.

ಎರಕದ ಕಾರ್ಖಾನೆಯ ಮನೆಗೆ ಮೊದಲ ಸಲ ಹೋದ ದಿನ ನಾನು ದರ ಬಹಳ ಕೆಳಗೆ ಎಳೆದಿದ್ದೆ. ಮಾಲಕನ ಮುಖ ಬಾಡಿತ್ತು, ಇನ್ನೊಂದು ಗಳಿಗೆಯಲ್ಲಿ ಹೂಂ ಎನ್ನುವವನಿದ್ದ. ಅಷ್ಟರಲ್ಲಿ ಅಕ್ಕ ಹೊರಗೆ ಬಂದು, "ನಡೀರಿ, ಎಂಟು ದಿನ ಬಿಟ್ಟು ಬರೂಣು," ಎಂದಳು. ದಾರಿಯಲ್ಲಿ ನಾನು ಕೂಗಾಡಿದೆ.

"ಮೂರು ಗಂಡಸರ ತಾಟಿನ್ಯಾಗ ಅರ್ಧರ್ಧ ರೊಟ್ಟಿ ಹಂಗಽ ಉಳದಿತ್ತು," ಎಂದಳು. "ಉಣಲಾರದವರ ಕೂಡ ಸೌದಾ ಮಾಡಬಾರದು. ಉಂಡ ಮ್ಯಾಲೆ ಮಾಡೂಣು."

"ಉಂಡ ಮ್ಯಾಲೆ ಅವ ಹೆಚ್ಚು ಕೇಳ್ತಾನ."

"ಕೇಳಲಿ. ಉಂಡು ಕೊಟ್ಟದ್ದು ನೆಟ್ಟಗ ನಡೀತದ."

ಎಂಟು ದಿನದ ಮೇಲೆ ಅವನು ಹೆಚ್ಚು ಕೇಳಿದ, ಅವಳು ಕೊಡಿಸಿದಳು. ಆ ಮನೆಯಿಂದ ನೀಲಿ ಖಣ ಬಂತು. ಸಾಬೂನಿನವರದು ಹಳದಿ. ಯಾವ ಮನೆಯವರು ಕೊಟ್ಟ ಕುಬಸವೋ ಅದನ್ನು ತೊಟ್ಟುಕೊಂಡೇ ಆ ಕಾರ್ಖಾನೆಗೆ ಹೋಗುತ್ತಿದ್ದಳು. ಉಟ್ಟ ಸೀರೆಗೆ ಹೊಂದಲಿ ಬಿಡಲಿ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತ ಹಮಾಲರು, "ಇವತ್ತು ಅಕ್ಕಾರು ಹಳದಿ ಹಾಕ್ಯಾರ, ಸಾಬಾಣದವ್ರು ಲಗೂನ ನಡೀರಪೋ," ಎಂದು ಎದ್ದು ಓಡುತ್ತಿದ್ದರು. ನಾನು ಜರಿಯ ರುಮಾಲು ಸುತ್ತಿಕೊಂಡು ಅದೇ ದಾರಿಯಲ್ಲಿ ಹೋದರೆ, "ಶರಣ್ರೀ ಸಾವ್ಕಾರ್ರ," ಎನ್ನುತ್ತಿದ್ದರು, ಕುಳಿತಲ್ಲಿಂದಲೇ.

ಶ್ರಾವಣ ಬಂದರೆ ಮೂರು ಮನೆಯಿಂದ ಮೂರು ಕರೆ. ಒಂದೊಂದು ದಿನ ಒಂದೊಂದು ಮನೆ. ಜೋಕಾಲಿ ಆಡಿ, ಉಂಡಿ ತಿಂದು, ಬುತ್ತಿ ಕಟ್ಟಿಸಿಕೊಂಡು ಬರುತ್ತಿದ್ದಳು. ನನ್ನ ಹೆಂಡತಿ ಒಮ್ಮೆ, "ನಮಗ ಒಂದಽ ತವರು, ಅಲ್ಲೂ ಅತ್ತಿಗಿ ಮಾರಿ ಗಂಟು ಹಾಕ್ಯಾಳ. ನಿಮ್ಮಕ್ಕಗ ಮೂರು," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮಿಂದ ಗಿರಣಿ ಕೊಂಡವರು ಯಾರಾದರೂ ಇದ್ದು, ನಾನು ಅವರನ್ನು ಹಬ್ಬಕ್ಕೆ ಕರೆಯುತ್ತಿದ್ದೆನೇ ಎಂದು ಯೋಚಿಸಿದೆ. ಬಾಗಿಲಲ್ಲಿ ನಿಲ್ಲಿಸುತ್ತಿರಲಿಲ್ಲ. ಅವಳಲ್ಲಿ ಏನಿತ್ತು? ಅದು ನನ್ನಲ್ಲಿ ಯಾಕಿಲ್ಲ? ಹತ್ತು ವರ್ಷ ಈ ಎರಡು ಪ್ರಶ್ನೆಗಳನ್ನು ಜಗಿದಿದ್ದೇನೆ.

ನಾಲ್ಕನೆಯದು ಉಣ್ಣೆಯ ಗಿರಣಿ. ಕುಣಿಕೋಣೂರಿನ ಹತ್ತಿರ, ಕುರಿ ಸಾಕುವ ಹಳೆಯ ಮನೆತನದ ಒಬ್ಬ ಮುದುಕ ಉಣ್ಣೆ ಪಿಂಜುವ ಯಂತ್ರ ತಂದು ಹಾಕಿ, ಕಂಬಳಿ ನೇಯಿಸುತ್ತಿದ್ದ. ಎಲ್ಲರೂ ಅವನನ್ನು ಮುತ್ಯಾ ಎನ್ನುತ್ತಿದ್ದರು, ಅವನ ಹೆಂಡತಿಯನ್ನು ಆಯಿ. ಯಂತ್ರ ಪದೇಪದೇ ನಿಂತು ಅವನು ಸೋತಿದ್ದ. ಗಿರಣಿಯ ಬಾಗಿಲ ಪಕ್ಕ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದ ಕರಿ ಕಂಬಳಿ. ಮುತ್ಯಾ ಅದರ ಮೇಲೆ ಕುಳಿತು ಕುರುಬರು ತಂದ ಉಣ್ಣೆಯನ್ನು ಎರಡು ಬೆರಳಲ್ಲಿ ಹೊಸೆದು ನೋಡುತ್ತಿದ್ದ. "ಇದು ಹೊಳಿ ದಂಡಿಗೆ ಹೋಗಿ ಬಂದ ಹಿಂಡು. ಇದು ಇಲ್ಲೇ ಗುಡ್ಡದಾಗ ಮೇದದ್ದು," ಎನ್ನುತ್ತಿದ್ದ. ಕುರುಬರು ತಕ್ಕಡಿಯನ್ನಾದರೂ ನಂಬದಿದ್ದಾರು, ಅವನ ಬೆರಳನ್ನು ನಂಬುತ್ತಿದ್ದರು.

ಸೌದಾ ಮುಗಿದ ದಿನ ಆಯಿ ಅಡುಗೆಮನೆಯಿಂದ ಹೊರಗೆ ಬಂದು ನಮ್ಮೆಲ್ಲರ ಎದುರಿಗೇ ಅಕ್ಕನಿಗೆ ಹೇಳಿದಳು: "ಗಿರಣಿ ನಿಮ್ಮದಾಗಲಿ ಯವ್ವಾ. ಆ ಕಂಬಳಿ ಮಾತ್ರ ಮುಟ್ಟಬ್ಯಾಡ್ರಿ. ನಮ್ಮ ಮನ್ಯಾಗ ಹಿರ್‍ಯಾನ ಕಂಬಳಿ ಅಂವ ಇರೂತನಕ ಮಗನೂ ಎತ್ತೂದಿಲ್ಲ."

"ಮುತ್ಯಾ ಇರೂತನಕ ಅದು ಅಲ್ಲೇ ಇರತೈತಿ, ಆಯಿ. ನಾನು ಅದೀನಿ," ಎಂದಳು ಅಕ್ಕ.

ಆಯಿ ಉಡಿ ತುಂಬಿದಳು. ಹಸಿರು ಖಣ. ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಸೇರಿದ ಕುಬಸ ಅದೇ. ಆಯಿಯ ಮುಖ ನಮ್ಮವ್ವನ ಹಾಗಿದೆ ಎನ್ನುತ್ತಿದ್ದಳು. ನನಗೇನೂ ಹಾಗೆ ಕಾಣುತ್ತಿರಲಿಲ್ಲ.

ಒಂದೆರಡು ವರ್ಷ ಗಿರಣಿ ಚೆನ್ನಾಗಿ ನಡೆಯಿತು. ಎಪ್ಪತ್ತರ ದಶಕ ಶುರುವಾಗಿತ್ತು, ನಮ್ಮಲ್ಲಿ ಒಂದು ಹಳೆಯ ಜೀಪೂ ಬಂದಿತ್ತು. ಶ್ರಾವಣದಲ್ಲಿ ಸಾಂಗಲಿಯಿಂದ ಒಬ್ಬ ದೊಡ್ಡ ವ್ಯಾಪಾರಿ ಕಂಬಳಿ ನೋಡಲು ಬಂದ. ಬಂದವನೇ ಕಟ್ಟೆಯ ಮೇಲಿದ್ದ ಮುತ್ಯಾನಿಗೆ ಕೈ ಮುಗಿದ. ಅಕ್ಕನಿಗೆ 'ನಮಸ್ಕಾರ, ಮಾಲಕೀಣಬಾಯಿ' ಎಂದ. ಆಮೇಲೆ, ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ದಿವಾಣಜಿ, ಜರಾ ಚಹಾ ಸಾಂಗಾ," ಎಂದ. ನನ್ನನ್ನು ಲೆಕ್ಕ ಬರೆಯುವ ಗುಮಾಸ್ತ ಎಂದು ತಿಳಿದು ಚಹಾ ಹೇಳಿ ಬಾ ಎಂದಿದ್ದ.

ಅಕ್ಕ ಕೂಡಲೇ, "ಅವರು ಮಾಲಕರು, ನನ್ನ ತಮ್ಮ," ಎಂದಳು ಮರಾಠಿಯಲ್ಲಿ. ವ್ಯಾಪಾರಿ ಕೈ ಜೋಡಿಸಿ ಕ್ಷಮೆ ಕೇಳಿದ. ಅದು ಇನ್ನೂ ಕೆಟ್ಟದಾಯಿತು. ಅವಳು ಹೇಳಿದ್ದಕ್ಕೆ ನಾನು ಮಾಲಕನಾದೆ. ಹೇಳದಿದ್ದರೆ ಚಹಾ ತರುವವನು. ಮುತ್ಯಾ ಹಲ್ಲಿಲ್ಲದ ಬಾಯಲ್ಲಿ ನಕ್ಕು, "ಹೋಗ್ರಿ ಸಾವ್ಕಾರ್ರ, ಮಾಲಕರು ತಂದ ಚಹಾ ಭಾಳ ರುಚಿ ಇರತೈತಿ," ಎಂದ. ಕೆಲಸದವರೆಲ್ಲ ನಕ್ಕರು. ಅಕ್ಕನ ತುಟಿಯೂ ಸ್ವಲ್ಪ ಅಲುಗಿತು. ನಾನೂ ನಕ್ಕೆ. ನಕ್ಕು ಚಹಾ ಹೇಳಲು ಹೋದೆ.

ಪಂಚಮಿ ಮರುದಿನದಿಂದ. ಅಕ್ಕ ಮೊದಲ ದಿನ ಎಣ್ಣೆ ಗಿರಣಿಯ ಮನೆಗೆ, ಎರಡನೆಯ ದಿನ ಸಾಬೂನಿನವರ ಮನೆಗೆ ಹೋದಳು. ಆ ಎರಡನೆಯ ದಿನ ನಾನು ಒಬ್ಬನೇ ಜೀಪು ತೆಗೆದುಕೊಂಡು ಉಣ್ಣೆಯ ಗಿರಣಿಗೆ ಹೋದೆ. ಮುತ್ಯಾ ಹಬ್ಬಕ್ಕೆಂದು ಮನೆಯಲ್ಲಿದ್ದ. ಕಾವಲಿಗೆ ಇಬ್ಬರು ಆಳುಗಳು. "ಒಳಗಿನ ಟೇಬಲ್ಲು, ಖುರ್ಚಿ ತಂದು ಈ ಕಟ್ಟಿ ಮ್ಯಾಲೆ ಇಡ್ರಿ. ಇನ್ನ ಮ್ಯಾಲೆ ನಾನು ಇಲ್ಲೇ ಕುಂದ್ರಾಂವ," ಎಂದೆ.

ಒಬ್ಬ ಆಳು ಕೈ ಮುಗಿದ. "ಸಾವ್ಕಾರ್ರ, ಕಂಬಳಿ ಎತ್ತಬ್ಯಾಡ್ರಿ."

"ಎತ್ತಿದ್ರ ಏನಾಗತೈತಿ?"

"ಮುತ್ಯಾ ಸತ್ತಂಗ ಆಗತೈತ್ರಿ."

ಅವರು ಮುಟ್ಟಲಿಲ್ಲ. ನಾನೇ ಎತ್ತಿದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಅಕ್ಕ ಮಾತು ಕೊಟ್ಟಾಗ ನಾನು ಎರಡು ಮಾರು ದೂರದಲ್ಲಿದ್ದೆ. ಕಂಬಳಿಯ ನಡುವೆ ಒಬ್ಬ ಮನುಷ್ಯ ಕುಳಿತ ತಗ್ಗು ಹಾಗೆಯೇ ಇತ್ತು. ಸುರುಳಿ ಸುತ್ತಿ ಉಣ್ಣೆಯ ಚೀಲಗಳ ಹಿಂದೆ ಒಗೆದೆ. ಖುರ್ಚಿ ಹಾಕಿಸಿ ಕುಳಿತು ನೋಡಿದೆ. ರಸ್ತೆಯಲ್ಲಿ ಯಾರೂ ಹೋಗುತ್ತಿರಲಿಲ್ಲ.

ಮರುದಿನ ಎರಕದ ಕಾರ್ಖಾನೆಯ ಮನೆ, ಅದರ ಮರುದಿನ ಆಯಿಯ ಮನೆ. ಜೀಪು ಹೊಡೆದವನು ನಾನೇ. ಬೇರೆ ದಾರಿ ಇರಲಿಲ್ಲ. ಅಕ್ಕ ಹಸಿರು ಕುಬಸ ತೊಟ್ಟು, ತೊಡೆಯ ಮೇಲೆ ಶೇಂಗಾದ ಉಂಡಿಯ ಡಬ್ಬಿ ಇಟ್ಟುಕೊಂಡು ಪಕ್ಕದಲ್ಲಿ ಕುಳಿತಿದ್ದಳು. ಆಯಿಯ ಮನೆಯ ಮುಂದೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಯಾರೂ ಆಡುತ್ತಿರಲಿಲ್ಲ. ಮುತ್ಯಾ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಆಯಿ ಹೊಸ್ತಿಲ ಮೇಲೆ ನಿಂತಳು. ಒಳಗೆ ಬಾ ಎನ್ನಲಿಲ್ಲ.

"ಕಂಬಳಿ ಎತ್ತಿದವರು ಯಾರು ಯವ್ವಾ? ಕಾವಲಿನವರು ಹೆದರಿ ಬಾಯಿ ಬಿಡವಲ್ರು."

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿಯನ್ನು ನೋಡಿದಳು, ಮುತ್ಯಾನ ಬೆನ್ನು ನೋಡಿದಳು, ತಿರುಗಿ ನನ್ನನ್ನು ನೋಡಿದಳು. ನಾನು ಜೀಪಿನ ಗಾಜು ಒರೆಸುತ್ತಿದ್ದೆ. ಗಾಜಿನ ಮೇಲೆ ಧೂಳೇನೂ ಇರಲಿಲ್ಲ.

"ನಾನಽ ಎತ್ತಿಸಿದೆ, ಆಯಿ," ಎಂದಳು.

ಅರಿವೆಯನ್ನು ಕೆಳಗಿಟ್ಟು 'ಅಲ್ಲ, ನಾನು' ಎನ್ನಲು ಒಂದು ಉಸಿರು ಸಾಕಿತ್ತು. ನಾನು ಇನ್ನೊಂದು ಕಡೆಯ ಗಾಜು ಒರೆಸಲು ಹೋದೆ.

ಆಯಿ ಬೈಯಲಿಲ್ಲ. "ಮಾತು ಕೊಟ್ಟಿದ್ದಿ," ಎಂದಳು. ಒಳಗೆ ಹೋದಳು. ಅಕ್ಕ ಉಂಡಿಯ ಡಬ್ಬಿಯನ್ನು ಹೊಸ್ತಿಲ ಹೊರಗೆ ಇಟ್ಟು ಬಂದು ಜೀಪು ಹತ್ತಿದಳು.

ಅರ್ಧ ದಾರಿಯವರೆಗೆ ಮಿಶ್ರಿಯ ಡಬ್ಬಿ ತೆಗೆದು ಹಲ್ಲು ತಿಕ್ಕುತ್ತಲೇ ಇದ್ದಳು. ಒಂದು ಹಳ್ಳದ ಹತ್ತಿರ, "ನಿಲ್ಲಸು," ಎಂದಳು. ಇಳಿದು ಬಾಯಿ ಮುಕ್ಕಳಿಸಿ ಬಂದು ನಿಂತಳು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

"ನಿನ್ನ ಹೆಸರು ಹೇಳಬೇಕು ಅಂತ ಬಾಯಿಗೆ ಬಂದಿತ್ತು," ಎಂದಳು. "ಹೇಳಿದ್ರ, ನನ್ನ ಕೇಳದಽ ನೀನು ಏನೂ ಮಾಡಬಾರದು ಅಂತ ಊರ ಮುಂದ ಸಾರಿದಂಗ ಆಗ್ತಿತ್ತು. ಅದಽ ಅಲ್ಲೇನು ನಿನಗ ಬ್ಯಾನಿ? ಅದಕ್ಕ ಹೇಳಲಿಲ್ಲ."

ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ನಾನು ರುಮಾಲಿನ ಕೆಳಗೆ ಮುಚ್ಚಿಟ್ಟುಕೊಂಡಿದ್ದ ಕಿಚ್ಚು ಅವಳಿಗೆ ಗೊತ್ತಿತ್ತು. ಅವಳು ಅದಕ್ಕೆ ಗಾಳಿ ತಾಗದಂತೆ ಅಡ್ಡ ನಿಂತಿದ್ದಳು. ಅವತ್ತು ನನಗೆ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇದರಲ್ಲೂ ಅವಳೇ ದೊಡ್ಡವಳಾದಳಲ್ಲ ಎಂದು ಹಲ್ಲು ಕಡಿದೆ.

ಕಂಬಳಿಯನ್ನು ಅವಳು ಮರುದಿನವೇ ತೆಗೆಸಿ, ಮೊದಲಿನಂತೆ ಮಡಿಸಿ ಕಟ್ಟೆಯ ಮೇಲೆ ಹಾಕಿಸಿದಳು. ಮುತ್ಯಾ ಬರಲಿಲ್ಲ. ಎತ್ತಿದ ಮೇಲೆ ಮತ್ತೆ ಹಾಸಿದರೆ ಅದು ಬೇರೆ ಕಂಬಳಿ ಎಂದನಂತೆ. ಕುರುಬರು ಉಣ್ಣೆಯನ್ನು ಬೇರೆ ಕಡೆ ಒಯ್ಯತೊಡಗಿದರು. ಮುಂದಿನ ಮಳೆಗಾಲಕ್ಕೆ ಮೊದಲೇ ಮುತ್ಯಾ ತೀರಿಕೊಂಡ. ಅಕ್ಕ ಮಣ್ಣಿಗೆ ಹೋಗಿ, ದೂರದಲ್ಲಿ ಹೆಂಗಸರ ಹಿಂದೆ ನಿಂತು ಬಂದಳು. ಆ ಶ್ರಾವಣದಲ್ಲಿ ಮೂರೇ ಕರೆ ಬಂದವು. ನಾಲ್ಕನೆಯ ದಿನ ಅವಳು ತಲೆ ಬಾಚಿ, ಕುಂಕುಮ ಹಚ್ಚಿ ಬಾಗಿಲಲ್ಲಿ ಕುಳಿತಿದ್ದಳು. ಮಧ್ಯಾಹ್ನದವರೆಗೆ ಕುಳಿತಿದ್ದು, ಎದ್ದು ಜೋಳ ಹಸನು ಮಾಡತೊಡಗಿದಳು. ಹಸಿರು ಕುಬಸವನ್ನು ಮತ್ತೆ ಅವಳ ಮೈಮೇಲೆ ನೋಡಲಿಲ್ಲ.

ಆಮೇಲೆ ಪಕ್ಕದ ತಾಲೂಕಿನಲ್ಲಿ ಒಂದು ಹತ್ತಿಯ ಗಿರಣಿ ಮಾರಾಟಕ್ಕೆ ಬಂತು. ನಮ್ಮ ನಾಲ್ಕನ್ನೂ ಕೂಡಿಸಿದರೂ ಅದರ ಅರ್ಧವಾಗುತ್ತಿರಲಿಲ್ಲ. ಅದು ಬಂದಿದ್ದರೆ ನಮ್ಮ ಹೆಸರು ಸಾಂಗಲಿ, ವಿಜಾಪುರಗಳವರೆಗೆ ಹೋಗುತ್ತಿತ್ತು. ಮಾತು ಮುಗಿದಿತ್ತು, ಕಾಗದ ತಯಾರಿತ್ತು. ಅಕ್ಕ ಎಂದಿನಂತೆ ಹಿತ್ತಿಲಿನಿಂದ ಒಳಗೆ ಹೋದಳು. ಬಹಳ ಹೊತ್ತಾಗಲಿಲ್ಲ. ಹೊರಗೆ ಬಂದಾಗ ಸೆರಗು ಖಾಲಿ ಇತ್ತು. ಆ ಮನೆಯ ಹಿರಿಯ ಹೆಂಗಸು ಕೇಳಿದ್ದಿಷ್ಟೆ: "ಕುಣಿಕೋಣೂರದಾಗ ಕಂಬಳಿ ಎತ್ತಿಸಿದಾಕಿ ನೀನಽ ಅಲ್ಲೇನವ್ವ?" ಅಕ್ಕ ಹೌದು ಎಂದು ಬಂದಿದ್ದಳು.

"ಗಂಡಸರು ಸಹಿ ಮಾಡಾಕ ತಯಾರು ಅದಾರ, ಉಡಿ ತಗೊಂಡು ಏನು ಮಾಡ್ತಿ?" ಎಂದ ತಮ್ಮ.

"ಮನಿ ಒಪ್ಪಲಾರದ ಗಿರಣಿ ನನಗ ಬ್ಯಾಡ. ನಡೀರಿ," ಎಂದಳು.

ಖಾಲಿ ಸೆರಗನ್ನು ಸೊಂಟಕ್ಕೆ ಸಿಗಿಸಿ ಜೀಪಿನಲ್ಲಿ ಕುಳಿತಳು. ತಮ್ಮ ಹಿಂದಿನ ಸೀಟಿನಲ್ಲಿ ತಲೆ ಹಿಡಿದು ಕುಳಿತ. ನಾನು ಜೀಪು ಹೊಡೆಯುತ್ತಿದ್ದೆ. ಬರೆಯಲು ಕಷ್ಟವಾದರೂ ಬರೆಯುತ್ತೇನೆ: ನನ್ನೊಳಗೆ ಒಂದು ಸಣ್ಣ ಸಂತೋಷ ಇತ್ತು. ಅವಳ ಸೆರಗು ಖಾಲಿ ಇದ್ದದ್ದನ್ನು ನಾನು ಅದೇ ಮೊದಲ ಸಲ ನೋಡಿದೆ. ಕಳೆದುಕೊಂಡದ್ದು ನನ್ನ ಗಿರಣಿಯೂ ಹೌದು ಎನ್ನುವುದು ಮನೆಗೆ ಬಂದ ಮೇಲೆ ನೆನಪಾಯಿತು. ನಮ್ಮ ಬೆಳವಣಿಗೆ ಅಲ್ಲಿಗೆ ನಿಂತಿತು. ಯಾಕೆ ನಿಂತಿತು ಎಂದು ಜನ ಇವತ್ತಿಗೂ ಏನೇನೋ ಕಾರಣ ಹೇಳುತ್ತಾರೆ.

ಹೋದ ವರ್ಷ ಚಳಿಗಾಲದಲ್ಲಿ ಅಕ್ಕ ಹೋದಳು. ಎದೆನೋವೆಂದು ಕುಳಿತವಳು ಏಳಲಿಲ್ಲ. ಸೊರಡಿಯಲ್ಲಿ ಗಂಡ ಬದುಕಿದ್ದ, ಹಾಗಾಗಿ ಮುತ್ತೈದೆಯ ಸಾವು. ಮುತ್ತೈದೆ ಸತ್ತರೆ ತವರಿನವರು ಸೀರೆ ತಂದು ಹಾಕಬೇಕು. ನಾನು ಜತ್ತಿನ ಪೇಟೆಯಲ್ಲೇ ಎಲ್ಲಕ್ಕಿಂತ ಒಳ್ಳೆಯ ಇಳಕಲ್ಲ ಸೀರೆ ತರಿಸಿದೆ. ಅಷ್ಟರಲ್ಲಿ ಎಣ್ಣೆ ಗಿರಣಿಯ ಮನೆಯವರು, ಸಾಬೂನಿನವರು, ಎರಕದವರು ಒಬ್ಬರಾದ ಮೇಲೆ ಒಬ್ಬರು ಸೀರೆ ಹಿಡಿದು ಅಳುತ್ತ ಬಂದರು. ನಾನು ಮುಂದೆ ಹೋದೆ. ಓಣಿಯ ಒಬ್ಬ ಮುದುಕಿ ನನ್ನ ಕೈ ತಡೆದು, "ತಡಿಯಪಾ, ಮೊದಲ ತವರಿನವ್ರು ಹಾಕಲಿ," ಎಂದಳು.

ಒಡಹುಟ್ಟಿದ ತಮ್ಮ ನಾನು ಸೀರೆ ಹಿಡಿದು ನಿಂತೆ. ಮೂರು ಸೀರೆ ಹಾಕಿದ ಮೇಲೆ ನನ್ನದು. ಹೆಂಗಸರು ಪಿಸುಗುಟ್ಟುತ್ತಿದ್ದರು: "ನಾಕನೇ ತವರು ಬರಲಿಲ್ಲ ನೋಡು. ಪಾಪ, ಮಾತು ತಪ್ಪಿದ್ಲಂತ." ಅಕ್ಕನ ಮುಖ ಇನ್ನೂ ತೆರೆದೇ ಇತ್ತು. ಆಗಲಾದರೂ ಹೇಳಬಹುದಿತ್ತು. ಎಲ್ಲರೂ ಇದ್ದರು. ಹೇಳಲಿಲ್ಲ.

ಪೇಪರನ್ನು ಮುಂದಿಟ್ಟು ತಮ್ಮ ಕೇಳಿದ ಮೇಲೆ ನನ್ನ ತಾಟಿನಲ್ಲೂ ಅರ್ಧ ರೊಟ್ಟಿ ಉಳಿಯತೊಡಗಿತು. ಈ ಸಲದ ಪಂಚಮಿಗೆ, ಅಕ್ಕ ಹೋಗುತ್ತಿದ್ದ ನಾಲ್ಕನೆಯ ದಿನವೇ, ಆಯಿಯ ಮನೆಗೆ ಹೋದೆ. ಆಯಿಗೆ ಈಗ ಕಣ್ಣು ಮಂಜು. ಸೊಸೆ ನನ್ನ ಹೆಸರು ಹೇಳಿದಳು. ನಾನು ಹೊಸ್ತಿಲ ಹೊರಗೇ ಕುಳಿತು, ಚಹಾದ ಮಾತಿನಿಂದ ಶುರುಮಾಡಿ ಗಾಜು ಒರೆಸಿದ್ದರವರೆಗೆ ಎಲ್ಲ ಹೇಳಿದೆ. ಆಯಿ ಕೇಳುತ್ತ ಕುಳಿತಳು.

"ಆಕಿ ಸುಳ್ಳ ಹೇಳಿದ್ಲು ಹಂಗಾರ," ಎಂದಳು ಕೊನೆಗೆ. "ನನಗ ಸುಳ್ಳ ಹೇಳಿದ್ಲು." ಅವಳಿಗೆ ನನ್ನ ಮೇಲೆ ಸಿಟ್ಟೇ ಬಂದಂತೆ ಕಾಣಲಿಲ್ಲ. ನನ್ನ ವಿಷಯವೇ ಅಲ್ಲ ಎನ್ನುವಂತೆ ಇದ್ದಳು. "ನೀ ಹೇಳಪಾ, ಆಕೀನ ಒಂದು ಪಂಚಮಿಗಾದ್ರೂ ನೀ ಕರ್‍ಯಾಕ ಹೋಗಿದ್ದೇನು?"

"ಎಲ್ಲಿಗೆ ಹೋಗ್ಲಿ ಆಯಿ? ಆಕಿ ನಮ್ಮ ಮನ್ಯಾಗಽ ಇದ್ಲಲ್ಲ."

"ಹೂಂ. ಇದ್ಲು," ಎಂದಳು.

ಸೊಸೆಯನ್ನು ಕರೆದು ಒಳಗಿನ ಪೆಟ್ಟಿಗೆಯಿಂದ ಏನೋ ತರಿಸಿದಳು. ಹಸಿರು ಸೀರೆ. ಮಡಿಕೆಯ ಗೆರೆಗಳು ಬಿಳಿಚಿದ್ದವು. ಅಕ್ಕನಿಗೆಂದು ಆ ಪಂಚಮಿಗೆ ತರಿಸಿದ್ದು, ಕೊಡದೆ ಉಳಿದದ್ದು, ಯಾರಿಗೂ ಉಡಲು ಕೊಡದೆ ಇಟ್ಟದ್ದು. "ಆಕಿ ಹ್ವಾದ ಸುದ್ದಿ ಬಂದಾಗ ಇದನ್ನ ಕೈಯಾಗ ಹಿಡಕೊಂಡು ಕುಂತಿದ್ದೆ. ಹೋಗ್ಲೋ ಬ್ಯಾಡೋ ಅಂತ. ಹೋಗಲಿಲ್ಲ," ಎಂದು ಅದನ್ನು ನನ್ನ ಕೈಯಲ್ಲಿಟ್ಟಳು. "ಆಕಿಗೆ ಮುಟ್ಟಸು."

"ಈಗ ಎಲ್ಲಿ ಮುಟ್ಟಸಲಿ ಆಯಿ?"

"ಎತ್ತಿದಾಂವ ನೀನು. ಎಲ್ಲಿ ಇಡಬೇಕನ್ನೂದೂ ನೀನಽ ಹುಡಕು."

ಅದನ್ನು ಜೀಪಿನಲ್ಲಿ ಅಕ್ಕ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿಟ್ಟು ತಂದೆ. ದಾರಿಯಲ್ಲಿ ಅದನ್ನು ನೋಡಿದಾಗಲೆಲ್ಲ, ಸಿಟ್ಟು ಮಾಡಿಕೊಂಡೂ ಇಷ್ಟು ವರ್ಷ ನನಗೆಂದು ಯಾರು ಏನನ್ನು ಇಟ್ಟಾರು ಎಂದು ಅನ್ನಿಸಿತು. ಅಷ್ಟಾದ ಮೇಲೂ ಹಾಗೆಯೇ ಅನ್ನಿಸಿತು.

ಊರವರೆಲ್ಲರಿಗೂ ತಿಳಿಯಲೆಂದು ಇದನ್ನು ಬರೆದಿದ್ದೇನೆ. ಕಂಬಳಿ ಎತ್ತಿದವನು ನಾನು, ಅಕ್ಕ ಅಲ್ಲ. ಸೀರೆ ಇನ್ನೂ ನನ್ನ ಟ್ರಂಕಿನಲ್ಲಿದೆ. ದೀಪಾವಳಿಗೆ ಟ್ರಂಕು ಬಿಸಿಲಿಗೆ ಹಾಕಿದಾಗ ಸೊಸೆ, "ಮಾವಾರ, ಇದು ಯಾರದ್ರಿ? ನಾ ಉಡ್ಲೇನು?" ಎಂದಳು. ಬೇಡ ಎಂದೆ. ಅದನ್ನು ತಿರುಗಿ ಮಡಿಸಿ, ಒಳಗಿಟ್ಟು, ಹೊರಗೆ ತೆಗೆದು, ಮತ್ತೆ ಒಳಗಿಟ್ಟೆ. ಇಡುವ ಜಾಗ ಇನ್ನೂ ಸಿಕ್ಕಿಲ್ಲ.